ಬಾಗಿಲಿಗೆ ಬಂದ ಲ್ಯಾಪ್‌ಟಾಪ್

ಗೋರೆಗಾಂವಿನ ನಮ್ಮ ಚಾಳಿನ ಖೋಲಿಯಲ್ಲಿ ಫ್ರಿಜ್ ಇರಲಿಲ್ಲ, ಫೋನು ಇರಲಿಲ್ಲ. ಆದರೆ ಎರಡು ಕಂಪ್ಯೂಟರ್ ಇದ್ದವು. ಅಂಧೇರಿಯ ಒಂದು ಆಫೀಸಿನವರು ಹಳೆಯವೆಂದು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕುತ್ತಿದ್ದಾಗ ನನ್ನ ತಮ್ಮ ಕೇಳಿ ಪಡೆದು, ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ಟಿವಿ ಬಂತೆಂದು ಓಡಿ ಬಂದ ಪಕ್ಕದ ಖೋಲಿಯ ಮರಾಠಿ ಮುದುಕಿ, ಕಪ್ಪು ಪರದೆಯ ಮೇಲೆ ಬರೀ ಹಸಿರು ಅಕ್ಷರ ಮಿಣುಕುವುದನ್ನು ನೋಡಿ, "ಪಿಕ್ಚರ್ ನಾಹೀ ದಿಸತ್?" ಎಂದಳು. ಸಿನಿಮಾ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನನ್ನು ಕನಿಕರದಿಂದ ನೋಡಿ ಹೋದಳು.

"ಅಕ್ಕಾ, ಆ ಆಯಿಗೆ ಹೇಳು, ಈ ಪಿಕ್ಚರಿನ್ಯಾಗ ಹೀರೋ ನಾನ ಅದೀನಿ ಅಂತ," ಎಂದು ತಮ್ಮ ನಕ್ಕ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವ್ವ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅಪ್ಪ ವಿಜಾಪುರದ ಕಡೆಯಿಂದ ಬಂದು ದಾದರಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಹೋದರೆ ಮನೆ ಸೇರುವಾಗ ಕತ್ತಲಾಗುತ್ತಿತ್ತು. ಕೂಸನ್ನು ನೋಡಿಕೊಳ್ಳಲು ನಾನೇ ಉಳಿದೆ. ಅಪ್ಪನೂ ಹೋದ ಮೇಲೆ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಒಂಟಿ ಗಂಡಸರಿಗೆ, ಮರಾಠಿ ಹುಡುಗರಿಗೆ ಮಾರಿ ತಮ್ಮನನ್ನು ಕಾಲೇಜು ಮುಗಿಸುವವರೆಗೆ ಓದಿಸಿದೆ. ಇದನ್ನು ಹೇಳಿಕೊಂಡು ಹೆಚ್ಚುಗಾರಿಕೆ ಪಡೆಯಲು ಬರೆಯುತ್ತಿಲ್ಲ. ನನಗೆ ಮದುವೆಯ ಮಾತು ಬಂದಾಗಲೆಲ್ಲ ನಾನೇ ಬೇಡವೆಂದೆ. ತಮ್ಮ ಇದ್ದಾನೆ, ಸಾಕು ಅನ್ನಿಸುತ್ತಿತ್ತು. ಅವನು ಯಾವತ್ತೂ ನನ್ನ ಖೋಲಿ ಬಿಟ್ಟು ಹೋಗಬಾರದು ಎಂಬುದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ. ಮುಂದೆ ಆದದ್ದೆಲ್ಲ ಈ ಆಸೆಯಿಂದಲೇ ಆಯಿತು.

ಅವನ ಕೆಲಸ ಹೀಗಿತ್ತು. ಮಲಾಡ್, ಗೋರೆಗಾಂವ್, ಜೋಗೇಶ್ವರಿಯ ಕಡೆ ಹೊಸ ಹೊಸ ಬಿಲ್ಡಿಂಗುಗಳು ಏಳುತ್ತಿದ್ದವು. ಒಂದೊಂದು ಬಿಲ್ಡಿಂಗಿಗೂ ಒಂದು ಸೊಸೈಟಿ, ಸೊಸೈಟಿಗೆ ಒಬ್ಬ ಸೆಕ್ರೆಟರಿ. ಪ್ರತಿ ತಿಂಗಳು ಪ್ರತಿ ಫ್ಲ್ಯಾಟಿನವರಿಗೂ ನೀರು, ವಾಚ್‌ಮನ್, ರಿಪೇರಿ ಎಂದು ಬಿಲ್ ಹೋಗಬೇಕು. ಮುದುಕ ಸೆಕ್ರೆಟರಿಗಳು ಅದನ್ನು ಕೈಯಲ್ಲಿ ಬರೆದು ಬರೆದು ಸುಸ್ತಾಗಿದ್ದರು. ತಮ್ಮ ಆ ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡಲು ಶುರು ಮಾಡಿದ. ಪ್ರಿಂಟರು ಹಲ್ಲು ಕಡಿದಂತೆ ಕರಕರ ಸದ್ದು ಮಾಡುತ್ತ ಉದ್ದನೆಯ ಕಾಗದ ಉಗುಳುತ್ತಿತ್ತು. ಒಳಗೆ ನಾನು ರೊಟ್ಟಿ ಬಡಿಯುವ ಸದ್ದು, ಹೊರಗೆ ಅವನು ಕೀ ಒತ್ತುವ ಸದ್ದು. "ಇಬ್ಬರೂ ಬಡಿಯೂದ ಮಾಡತೀವಿ," ಅನ್ನುತ್ತಿದ್ದ.

ತೊಂದರೆ ಒಂದೇ. ಯಾವ ಸೆಕ್ರೆಟರಿಯೂ ಸೊಸೈಟಿಯ ಪುಸ್ತಕಗಳನ್ನು ಆಫೀಸಿನಿಂದ ಹೊರಗೆ ಬಿಡುತ್ತಿರಲಿಲ್ಲ. ತಮ್ಮ ಸಂಜೆ ಹೋಗಿ, ಅಲ್ಲಿಯೇ ಕೂತು, ಎಲ್ಲವನ್ನೂ ಕಾಗದದಲ್ಲಿ ನಕಲು ಮಾಡಿಕೊಂಡು ಬಂದು, ಮತ್ತೆ ಮನೆಯಲ್ಲಿ ಕಂಪ್ಯೂಟರಿಗೆ ಹಾಕಬೇಕು. ಒಂದು ಅಂಕಿ ತಪ್ಪಿದರೆ ಮತ್ತೆ ಮಲಾಡಿಗೆ ಓಟ. ಮೇಲಾಗಿ ಹಳೆಯ ಕಂಪ್ಯೂಟರುಗಳು ಮುದಿ ಎತ್ತಿನಂತಾಗಿದ್ದವು. ಒಂದು ಗುಂಡಿ ಒತ್ತಿದರೆ ಅವು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ನಾನೊಂದು ರೊಟ್ಟಿ ಬೇಯಿಸಿ ತೆಗೆಯುತ್ತಿದ್ದೆ.

ಆಗ ಮಲಾಡಿನ ಒಂದು ಬಿಲ್ಡಿಂಗಿನಲ್ಲಿ ಅವನಿಗೆ ಮಂಗಳೂರು ಕಡೆಯವರೊಬ್ಬರ ಪರಿಚಯವಾಯಿತು. ಹಡಗಿನಲ್ಲಿ ಎಲೆಕ್ಟ್ರಿಷಿಯನ್. ನಾವು ಅವರನ್ನು ಹಡಗಿನವರು ಎಂದೇ ಕರೆಯುತ್ತಿದ್ದೆವು. ಸಿಂಗಾಪುರದಿಂದ ಅವರು ಒಂದು ಲ್ಯಾಪ್‌ಟಾಪ್ ತಂದಿದ್ದರು. ಯಾರೋ ಬಳಸಿ ಬಿಟ್ಟದ್ದು, ಹೊಸದರಷ್ಟು ದುಬಾರಿಯಲ್ಲ. ತಮ್ಮ ಅದನ್ನು ನೋಡಿ ಬಂದ ದಿನ ಊಟಕ್ಕೆ ಕೂತವನು ಊಟ ಮಾಡಲಿಲ್ಲ. ಎರಡೂ ಕೈ ಅಗಲಿಸಿ ಅದರ ಗಾತ್ರ ತೋರಿಸಿದ.

"ಬ್ರೀಫ್‌ಕೇಸಿನಷ್ಟು ಐತಿ ಅಕ್ಕಾ. ತೆರದ್ರ ಪರದೆ, ಕೆಳಗ ಕೀಬೋರ್ಡು. ತೊಡಿ ಮ್ಯಾಲ ಇಟಗೊಂಡು ಸೊಸೈಟಿ ಆಫೀಸಿನ್ಯಾಗ ಕೂತ್ರ ಅಲ್ಲೇ ಕೆಲಸ ಮುಗೀತು. ನಕಲು ಬ್ಯಾಡ, ಏನ ಬ್ಯಾಡ. ಎಲ್ಲಿ ಬೇಕಾದ್ರೂ ಕೂತು ಕೆಲಸ ಮಾಡಬಹುದು."

'ಎಲ್ಲಿ ಬೇಕಾದರೂ' ಎಂದು ಅವನು ಕಣ್ಣರಳಿಸಿ ಹೇಳಿದ. ಅವನು ಮುಟ್ಟದ ತಟ್ಟೆಗೆ ನಾನು ಇನ್ನೊಂದು ರೊಟ್ಟಿ ಹಾಕಿದೆ.

ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಒಬ್ಬ ಸಿಂಧಿ ಇದ್ದ. ಅವನ ಮಾತು ಬೇರೆಯೇ ಇತ್ತು. ಅದೇ ದುಡ್ಡಿನಲ್ಲಿ ಎರಡೂ ಹಳೆಯ ಮಷೀನುಗಳ ಒಳಗಿನ ಬೋರ್ಡು ಬದಲಿಸಿ, ದೊಡ್ಡ ಹಾರ್ಡ್ ಡಿಸ್ಕ್ ಹಾಕಿ, ಓಡುವ ಕುದುರೆ ಮಾಡಿಕೊಡುತ್ತೇನೆ, ಲ್ಯಾಪ್‌ಟಾಪ್ ಶ್ರೀಮಂತರ ಶೋಕಿ, ಅದು ಕೆಟ್ಟರೆ ಈ ಊರಿನಲ್ಲಿ ಮುಟ್ಟುವವರಿಲ್ಲ ಎಂದಿದ್ದನಂತೆ. ತಮ್ಮ ಇದನ್ನು ನನಗೆ ಹೇಳಿದ್ದೇ ತಪ್ಪಾಯಿತು. ನಾನು ಅದನ್ನೇ ಹಿಡಿದುಕೊಂಡೆ.

"ಖರೇನ ಹೇಳ್ಯಾನ. ಹಂಡೆ ಕಪ್ಪಾತಂತ ಯಾರರ ಹೊಸಾ ಹಂಡೆ ತರತಾರೇನು? ಕಲಾಯಿ ಹಾಕಸತಾರ."

"ಅಕ್ಕಾ, ಇದು ಹಂಡೆ ಅಲ್ಲಾ."

"ನನಗ ಎಲ್ಲಾ ಹಂಡೇನ. ನೀನು ಹೆಸರ ಬ್ಯಾರೆ ಇಡತಿ."

"ನಿನ್ನ ಕಲಾಯಿಯವ ಹಾರ್ಡ್ ಡಿಸ್ಕಿಗೂ ತವರ ಬಡಿದು ಕೊಡತಾನ, ಕೇಳಿ ನೋಡು," ಎಂದು ಅವನು ನಕ್ಕ. ಆದರೆ ಆಮೇಲೆ ಕೂತು ಎರಡನ್ನೂ ತೂಗಿದ. ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಇಳಿಯುತ್ತದೆ, ನಿಜ. ಪರದೆ ಚಿಕ್ಕದು, ನಿಜ. ಹಳೆಯವಕ್ಕೆ ಕೈ ಹಾಕಿಸಿದರೆ ಎರಡು ಮಷೀನು ಒಟ್ಟಿಗೆ ಓಡುತ್ತವೆ, ನಾಳೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು, ಅದೂ ನಿಜ. ಆದರೆ ಮಷೀನು ಎಷ್ಟೇ ಓಡಲಿ, ಪುಸ್ತಕ ಇರುವುದು ಸೊಸೈಟಿಯಲ್ಲಿ, ಮಷೀನು ಇರುವುದು ಮನೆಯಲ್ಲಿ. ನಡುವೆ ಓಡಾಡುವುದು ನಾನು ತಾನೇ, ಎಂದ. ನಾಲ್ಕು ದಿನ ಹೀಗೆ ಒಮ್ಮೆ ಇದು ಒಮ್ಮೆ ಅದು ಎಂದು ಹೊಯ್ದಾಡಿ, ಕಡೆಗೆ ಲ್ಯಾಪ್‌ಟಾಪೇ ಎಂದು ಗಟ್ಟಿ ಮಾಡಿದ. ಹಡಗಿನವರಿಗೆ ಮಾತು ಕೊಟ್ಟು ಬಂದ. ಅವರು ಮರುದಿನವೇ ಹಡಗು ಹತ್ತುವವರು. ಹೋಗುವ ದಾರಿಯಲ್ಲಿ ಮನೆಗೇ ತಂದು ಕೊಟ್ಟು ಹೋಗುತ್ತೇನೆ ಎಂದಿದ್ದರು.

"ನಾ ಜೋಗೇಶ್ವರಿಗೆ ಹೋಗಿರತೀನಿ. ಅವರು ಬಂದ್ರ ಇಸಗೋ. ರೊಕ್ಕ ಬೇಳಿ ಡಬ್ಬಿಯೊಳಗ ಐತಿ," ಎಂದು ಹೇಳಿ ಹೋದ.

ಮಧ್ಯಾಹ್ನ ಬಂದರು. ಬಾಗಿಲ ಸರಪಳಿಯನ್ನು ಮೆಲ್ಲಗೆ ಎರಡು ಸಲ ಅಲುಗಿಸಿದರು. ಬಿಳಿ ಅಂಗಿ, ಒಂದು ಕೈಯಲ್ಲಿ ಪ್ರಯಾಣದ ಚೀಲ, ಇನ್ನೊಂದು ಕೈಯಲ್ಲಿ ಆ ಕಪ್ಪು ಪೆಟ್ಟಿಗೆ. ಕೆಳಗೆ ಟ್ಯಾಕ್ಸಿ ನಿಂತಿತ್ತು.

"ತಮ್ಮ ಇದ್ದಾರಾ ಅಕ್ಕ? ಇದನ್ನು ಕೊಟ್ಟು ಹೋಗುವ ಅಂತ ಬಂದೆ."

ನಾನು ಹಿಟ್ಟಿನ ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದೆ. ಅವರನ್ನು ಒಳಗೆ ಕರೆಯಲಿಲ್ಲ. ಬೇಳೆ ಡಬ್ಬಿ ನನ್ನ ಬೆನ್ನಿನ ಹಿಂದೆಯೇ ಇತ್ತು. ಆ ಪೆಟ್ಟಿಗೆಯನ್ನು ನೋಡಿದೆ. ಬಹಳ ಚಂದವಿತ್ತು. ಅದರ ಹಿಡಿಕೆ ಕಂಡೊಡನೆ, ತಮ್ಮ ಅದನ್ನು ಹಿಡಿದು ಒಂದು ದಿನ ಮೆಟ್ಟಿಲು ಇಳಿದು ಹೋಗುವುದು ಕಂಡಿತು. ಮಲಾಡಿನಲ್ಲಿ ಒಂದು ಖೋಲಿ, ಆಮೇಲೆ ಇನ್ನೂ ದೂರ. ಈ ದೊಡ್ಡ ಕಬ್ಬಿಣದ ಡಬ್ಬಿಗಳು ಮನೆಯಲ್ಲಿ ಇರುವವರೆಗೆ ಹುಡುಗ ಮನೆಯಲ್ಲಿ ಇರುತ್ತಾನೆ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಕಲಾಯಿಯ ಮಾತು, ಸಿಂಧಿಯ ಮಾತು, ಎಲ್ಲ ಹೊರಗಿನ ನೆಪ. ಒಳಗಿನ ತಕ್ಕಡಿಯಲ್ಲಿ ನಾನು ತೂಗಿದ್ದು ಇಷ್ಟನ್ನೇ.

"ಅವಂಗ ಬ್ಯಾಡಂತ್ರಿ," ಎಂದೆ.

"ಬೇಡವಾ? ನಿನ್ನೆ ಅಷ್ಟು ಖುಷಿಯಲ್ಲಿ ಇದ್ದರಲ್ಲ ಮಾರಾಯ್ರೆ."

"ಮನಸ್ಸು ಬದಲಿ ಮಾಡ್ಯಾನ್ರಿ. ಹಳೇವನ್ನ ರಿಪೇರಿ ಮಾಡಸತಾನಂತ."

ಅವರು ಬೇಸರಪಟ್ಟರೋ ಏನೋ, ತೋರಿಸಲಿಲ್ಲ. "ಆಯ್ತು ಅಕ್ಕ. ಬಾಂದ್ರಾದಲ್ಲಿ ಒಬ್ಬರು ಕೇಳ್ತಾ ಇದ್ದರು, ಅವರಿಗೇ ಕೊಟ್ಟು ಹೋಗ್ತೇನೆ. ತಮ್ಮನಿಗೆ ಹೇಳಿ, ಬೇಜಾರೇನಿಲ್ಲ ಅಂತ," ಎಂದು ಇಳಿದು ಹೋದರು. ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದು ಕೇಳಿತು. ಓಡಿ ಹೋಗಿ ಕರೆಯುವಷ್ಟು ಹೊತ್ತು ಇತ್ತು. ಟ್ಯಾಕ್ಸಿ ಕೂಡಲೇ ಹೊರಡಲಿಲ್ಲ, ಡ್ರೈವರ್ ಯಾರದೋ ಜೊತೆ ಮಾತಾಡುತ್ತಿದ್ದ. ನಾನು ಹೋಗಿ ಹಿಟ್ಟು ನಾದತೊಡಗಿದೆ.

ಸಂಜೆ ತಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಒಳಗೆ ಬಂದವನೇ ಟೇಬಲ್ಲಿನ ಮೇಲೆ ನೋಡಿದ, ಮಂಚದ ಮೇಲೆ ನೋಡಿದ.

"ಎಲ್ಲೈತಿ?"

"ಯಾರೂ ಬರಲೇ ಇಲ್ಲಪಾ," ಎಂದೆ.

ಅವನು ಓಡಿ ಮಲಾಡಿಗೆ ಹೋದ. ಹಡಗಿನವರ ಫ್ಲ್ಯಾಟಿಗೆ ಬೀಗ. ಮನೆಯ ಮಂದಿ ಊರಿಗೆ, ಅವರು ಸಮುದ್ರಕ್ಕೆ ಹೋಗಿದ್ದರು. ಹಿಂದಿರುಗಿ ಬಂದು, "ಮಾತಿಗೆ ತಪ್ಪೋ ಮನಷ್ಯಾ ಅನಿಸಿದ್ದಿಲ್ಲ ಅಕ್ಕಾ," ಎಂದ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವರ ಪರವಾಗಿ ನನ್ನ ಬಾಯಿಂದ ನಿಜ ಬರುತ್ತಿತ್ತೋ ಏನೋ. ಸುಳ್ಳು. ಬರುತ್ತಿರಲಿಲ್ಲ.

ಮರುವಾರ ಅವನೇ ನಗುತ್ತ, "ನೀನ ಗೆದ್ದಿ ನೋಡು. ಕಲಾಯಿನ ಹಾಕಸೂಣು," ಎಂದ. ಎರಡೂ ಮಷೀನುಗಳನ್ನು ಲ್ಯಾಮಿಂಗ್ಟನ್ ರೋಡಿಗೆ ಒಯ್ದು ತಂದ. ಕೆಲವು ತಿಂಗಳು ನನಗೆ ಸ್ವರ್ಗ. ಮಷೀನು ಸರಸರ ಓಡುತ್ತಿತ್ತು, ಅವನು ಹಾಡು ಗುನುಗುತ್ತ ಮನೆಯಲ್ಲೇ ಇರುತ್ತಿದ್ದ. ನಾನು ಮಾಡಿದ್ದು ಸರಿಯೇ ಇತ್ತು ಎಂದು ದೇವರ ಮುಂದೆ ಕೂಡ ಹೇಳಿಕೊಂಡೆ.

ಸೊಸೈಟಿಗಳು ಹೆಚ್ಚಾದವು. ನಕಲು ಮಾಡುವ ಕೆಲಸವೂ ಹೆಚ್ಚಿತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಒಂದು ಪರದೆ, ಒಂದು ಕೀಬೋರ್ಡು ಮಲಾಡಿನ ದೊಡ್ಡ ಸೊಸೈಟಿಯ ಆಫೀಸಿನಲ್ಲೇ ಇಟ್ಟುಬಿಡುವುದು. ನಡುವಿನ ಕಬ್ಬಿಣದ ಡಬ್ಬಿಯಲ್ಲಿ, ಅಂದರೆ ನಿಜವಾದ ಕಂಪ್ಯೂಟರಿನಲ್ಲಿ, ಎಲ್ಲ ಸೊಸೈಟಿಗಳ ಲೆಕ್ಕ ಇದ್ದುದರಿಂದ ಅದನ್ನು ಅಲ್ಲಿ ಬಿಡದೆ ತಾನೇ ಹೊತ್ತುಕೊಂಡು ಹೋಗಿ ಅಲ್ಲಿ ಜೋಡಿಸಿ ಕೆಲಸ ಮಾಡುವುದು. ಆ ಡಬ್ಬಿ ಎಂದರೆ ಹಳೆಯ ಕಾಲದ ಅಗಲವಾದ ಡಬ್ಬಿ. ಅಪ್ಪನ ಟ್ರಂಕಿನಂತೆ ಇತ್ತು.

"ಇದ ನನ್ನ ಲ್ಯಾಪ್‌ಟಾಪು," ಎಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತೋರಿಸಿದ. "ಸ್ವಲ್ಪ ಮೈ ಬಂದೈತಿ ಅಷ್ಟ."

ಹೆಗಲಿಗೆ ಹಾಕಿಕೊಳ್ಳಲು ಚೀಲ ಬೇಕೆಂದ. ಅಂಗಡಿಯ ಚೀಲ ಎರಡೇ ದಿನಕ್ಕೆ ಹರಿಯಿತು. ನಾನು ಹೊಲಿದು ಕೊಟ್ಟೆ. ನಮ್ಮ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಅವ್ವನ ಸೀರೆಗಳಿದ್ದ ಒಂದು ಹಳೆಯ ಕೌದಿಯನ್ನು ಕತ್ತರಿಸಿ, ಒಳಗೆ ಡಬ್ಬಿಗೆ ಪೆಟ್ಟಾಗದಂತೆ ದಪ್ಪಗೆ, ಹೊರಗೆ ಗಟ್ಟಿ ಪಟ್ಟಿ ಹಚ್ಚಿ, ಪಟ್ಟಿಯ ಮೇಲೆ ಹತ್ತಿರ ಹತ್ತಿರ ನಾಲ್ಕು ಸಾಲು ದಾರ ಓಡಿಸಿದೆ. ಕೌದಿಯ ಹೊಲಿಗೆ ಬಿಚ್ಚುವುದೆಂದರೆ ಹೊಲಿದವಳಿಗೂ ಅವಮಾನ, ಅವಳಿಗೆ ಕಲಿಸಿದವಳಿಗೂ ಅವಮಾನ. ಅವನು ಚೀಲವನ್ನು ಅಡ್ಡವಾಗಿ, ಎದೆಯ ಮೇಲಿಂದ ಹಾದು ಬರುವಂತೆ ಹಾಕಿಕೊಂಡು, "ಎತ್ತು ಕಟ್ಟಿದ್ರೂ ಹರಿಯೂದಿಲ್ಲ ಬಿಡು," ಎಂದ.

ಮಳೆಗಾಲ ಮುಗಿದಿತ್ತು. ಆ ದಿನ ಅವನು ಜೋಗೇಶ್ವರಿಯ ಒಂದು ಸೊಸೈಟಿಯಲ್ಲಿ ಡಬ್ಬಿ ತೋರಿಸಿ, ಅಲ್ಲಿಂದ ಮಲಾಡಿಗೆ ಹೊರಟಿದ್ದ. ಸಂಜೆಯ ಲೋಕಲ್. ಒಳಗೆ ಕಾಲಿಡಲು ಜಾಗವಿಲ್ಲ, ಚೀಲದ ಜೊತೆ ಇನ್ನೂ ಇಲ್ಲ. ಸಾಮಾನಿನವರ ಬೋಗಿಗೆ ಹೋಗು ಎಂದು ಮಂದಿ ಬೈದರಂತೆ. "ಸಾಮಾನ್ ಲೇಕೆ ಲಗೇಜ್ ಮೇ ಜಾ ನಾ, ಬಾಬಾ!" ಅವನು ಬಾಗಿಲಲ್ಲೇ ನಿಂತ. ಚೀಲ ಹೊರಗೆ ಚಾಚಿಕೊಂಡಿತ್ತು. ಗಾಡಿ ವೇಗ ಹಿಡಿದ ಮೇಲೆ ಹಳಿಯ ಪಕ್ಕದ ಒಂದು ಕಂಬಕ್ಕೆ ಚೀಲ ಬಡಿಯಿತು. ಚೀಲ ತಿರುಗಿತು, ಅವನನ್ನೂ ತಿರುಗಿಸಿ ಗಾಡಿಯಿಂದ ಹೊರಗೆ ಎಳೆದುಕೊಂಡು ಹೋಯಿತು.

ಅವನನ್ನು ಆಸ್ಪತ್ರೆಗೆ ಸಾಗಿಸಿದವರಲ್ಲಿ ಒಬ್ಬ ಮರಾಠಿ ಗೃಹಸ್ಥರು ನನಗಾಗಿ ಅಲ್ಲೇ ಕಾದಿದ್ದರು. ಗಾಡಿಯಲ್ಲಿ ಪಕ್ಕದಲ್ಲೇ ನಿಂತಿದ್ದರಂತೆ. ಒಳ್ಳೆಯವರು. ನನಗೆ ಚಹಾ ತಂದುಕೊಟ್ಟು ಸಮಾಧಾನ ಹೇಳಲೆಂದು ಆದದ್ದನ್ನೆಲ್ಲ ಹೇಳಿದರು. "ನಾನು ಅಂಗಿ ಹಿಡಿದಿದ್ದೆ ತಾಯಿ. ಆ ಪಟ್ಟಿ ಒಂದು ಹರಿದಿದ್ದರೆ ಚೀಲ ಮಾತ್ರ ಹೋಗುತ್ತಿತ್ತು, ಹುಡುಗ ನನ್ನ ಕೈಯಲ್ಲಿ ಉಳಿಯುತ್ತಿದ್ದ. ಏನು ಪಟ್ಟಿಯೋ, ಹರಿಯಲೇ ಇಲ್ಲ," ಎಂದರು.

ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದರು.

ಅವನಿಗೆ ಎಚ್ಚರವಾದಾಗ ಮೊದಲು ಕೇಳಿದ್ದು ಡಬ್ಬಿಯನ್ನು. ಅದು ಪೊಲೀಸರ ಹತ್ತಿರ ಇತ್ತು, ಆಮೇಲೆ ಮನೆಗೆ ಬಂತು. ಒಂದು ಮೂಲೆ ಒಳಗೆ ಹೋಗಿತ್ತು. ವೈರು ಸಿಕ್ಕಿಸಿ ಹಚ್ಚಿದಾಗ ಮಷೀನು ಶುರುವಾಯಿತು. ನಾನು ಅಡುಗೆ ಮೂಲೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ಕೌದಿಯ ತುಂಡುಗಳು ದಪ್ಪಗಿದ್ದವಲ್ಲ, ಒಳಗಿನದನ್ನು ಕಾಪಾಡಿದ್ದವು.

ಆಮೇಲಿನದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಭಾಗ. ಕೆಟ್ಟದ್ದೇನೂ ಆಗಲಿಲ್ಲ. ಯಾವ ಪುಸ್ತಕವನ್ನೂ ಹೊರಗೆ ಬಿಡದ ಸೆಕ್ರೆಟರಿಗಳು ಈಗ ತಾವೇ ವಾಚ್‌ಮನ್ ಕೈಯಲ್ಲಿ ಪುಸ್ತಕಗಳನ್ನು ನಮ್ಮ ಮನೆಗೆ ಕಳಿಸತೊಡಗಿದರು. ಒಬ್ಬರು ಮಿಠಾಯಿ ಕೂಡ ಕಳಿಸಿದರು. ತಮ್ಮ ಎಡಗೈಯಲ್ಲಿ ಕೀ ಒತ್ತಲು ಕಲಿತ. ಕಾಫಿ ಲೋಟದ ಪಕ್ಕ ಮಷೀನು, ಮಷೀನಿನ ಪಕ್ಕ ಪುಸ್ತಕ, ಅವನು ದಿನವಿಡೀ ಮನೆಯಲ್ಲಿ. ಮಲಾಡಿನಲ್ಲಿ ಖೋಲಿ ಮಾಡುವ ಮಾತಿಲ್ಲ. ಕೇಳಿ ಬಂದಿದ್ದ ಒಂದು ಹೆಣ್ಣಿನ ಕಡೆಯವರೂ ಸುಮ್ಮನಾದರು. ಬಾಗಿಲಲ್ಲಿ ನಿಂತು ನಾನು ಏನನ್ನು ಬೇಡಿಕೊಂಡಿದ್ದೆನೋ ಅದು ಒಂದೂ ಬಿಡದೆ ನನಗೆ ಸಿಕ್ಕಿತು. ಯಾರೋ ನನ್ನ ಮಾತನ್ನು ಕೇಳಿಸಿಕೊಂಡು, ಇಗೋ ತಗೋ ಎಂದು ಕೊಟ್ಟ ಹಾಗೆ.

ಈಗಲೂ ಮಧ್ಯಾಹ್ನದ ಹೊತ್ತು ಬಾಗಿಲ ಸರಪಳಿ ಅಲುಗಿದರೆ ನಾನು ಕೂಡಲೇ ಏಳುವುದಿಲ್ಲ. ಅಲ್ಲಿ ಬಿಳಿ ಅಂಗಿ ಇರುತ್ತದೆ ಅನ್ನಿಸುತ್ತದೆ. ಕೆಲವು ಸಲ ಎದ್ದು ಹೋಗಿ ನೋಡಿದರೆ ಯಾರೂ ಇರುವುದಿಲ್ಲ, ಸರಪಳಿ ಮಾತ್ರ ಆಡುತ್ತಿರುತ್ತದೆ. ಗಾಳಿ ಎಂದು ತಮ್ಮ ಹೇಳುತ್ತಾನೆ.

ಹಡಗಿನವರು ನಿಜವಾಗಿ ಎದುರಾದದ್ದು ಒಂದೇ ಸಲ, ಮಲಾಡಿನ ಮಾರ್ಕೆಟ್ಟಿನಲ್ಲಿ. ನಾನು ಬದನೆಕಾಯಿ ಆರಿಸುತ್ತಿದ್ದೆ.

"ಅಕ್ಕ, ನನ್ನ ಗುರ್ತ ಸಿಕ್ಕಿತಾ? ತಮ್ಮ ಹೇಗಿದ್ದಾರೆ?"

"ಅರಾಮ ಅದಾನ್ರಿ."

"ಅವತ್ತು ಅವರು ಬೇಡ ಅಂದದ್ದು ಒಳ್ಳೆಯದೇ ಆಯ್ತು ಮಾರಾಯ್ರೆ. ಬಾಂದ್ರಾದವರ ಹತ್ತಿರ ಅದು ಒಂದೇ ವರ್ಷ ನಡೆದದ್ದು, ಪರದೆ ಹೋಯ್ತು," ಎಂದು ನಕ್ಕರು.

ನಾನು ಬದನೆಕಾಯಿ ಅಲ್ಲೇ ಬಿಟ್ಟು ಬಂದೆ. ನೋಡಿ, ನಾನು ಹೇಳಿದ್ದೇ ಸರಿಯಾಗಿತ್ತು. ಸಿಂಧಿ ಹೇಳಿದ್ದೂ ಸರಿಯಾಗಿತ್ತು. ಮಷೀನಿನ ಲೆಕ್ಕದಲ್ಲಿ ಹಳೆಯವನ್ನು ರಿಪೇರಿ ಮಾಡಿಸಿದ್ದೇ ಜಾಣತನ. ಆದರೆ ಒಂದು ವರ್ಷ ನಡೆದಿದ್ದರೂ ಸಾಕಿತ್ತು. ಆ ಒಂದು ವರ್ಷ ಅವನು ಬ್ರೀಫ್‌ಕೇಸ್ ಹಿಡಿದು ಗಾಡಿ ಹತ್ತುತ್ತಿದ್ದ. ಹಗುರಾಗಿ, ಒಳಗೆ ನಿಂತು.

ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತ ನಾಲ್ಕು ಇಯತ್ತೆ ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ. ಆಮೇಲೆ ರೊಟ್ಟಿ ಕಟ್ಟಲು ಬರುತ್ತಿದ್ದ ಹಳೆಯ ಕನ್ನಡ ವಾರಪತ್ರಿಕೆಗಳನ್ನು ಓದಿ ಓದಿ ಕೈ ಕೂಡಿತು. ತಮ್ಮನನ್ನು ಮರಾಠಿ ಶಾಲೆಗೆ ಹಾಕಿದ್ದೆವು, ಮುಂದೆ ಇಂಗ್ಲಿಷ್. ಮಾತು ಬರುತ್ತದೆ, ಕನ್ನಡದ ಅಕ್ಷರ ಅವನಿಗೆ ಬಾರದು. ಅವನ ಎದುರಿಗೇ ಕೂತು ಬರೆಯುವ ಧೈರ್ಯ ನನಗೆ ಬಂದದ್ದು ಇದರಿಂದಲೇ ಎಂದು ಬರೆಯುತ್ತ ಬರೆಯುತ್ತ ತಿಳಿಯಿತು.

ನಿನ್ನೆ ಅವನು ಕೆಲಸ ನಿಲ್ಲಿಸಿ ಕುರ್ಚಿ ತಿರುಗಿಸಿದ. ತಲೆ ನೆರೆತಿದೆ, ನಗು ಮಾತ್ರ ಹಾಗೆಯೇ ಇದೆ.

"ಏನ ಬರೀಲಾಕತ್ತಿ ಅಕ್ಕಾ, ಇಷ್ಟ ದಿನಾ ಆತು?"

"ಹಳೇದು. ಆ ಕಂಪ್ಯೂಟರ್ ತಗೊಂಡ ಕಥಿ."

"ಹೌದ? ಹಂಗಾರ ನನಗೂ ಪಾರ್ಟ್ ಐತಿ. ಓದಿ ಹೇಳು."

ಓದಿದೆ. ಮರಾಠಿ ಮುದುಕಿ ಬಂದಾಗ ನಕ್ಕ. ನನ್ನ ಆಸೆಯ ಸಾಲುಗಳನ್ನು ಹಾರಿಸಿದೆ. ಹಂಡೆಯ ಮಾತಿಗೆ ಎಡಗೈಯಿಂದ ಟೇಬಲ್ ಬಡಿದು ನಕ್ಕ. "ಖರೇ, ಹಿಂಗ ಅಂದಿದ್ದಿ ನೀನು," ಎಂದ. ಬೇಳೆ ಡಬ್ಬಿಯವರೆಗೆ ಓದಿದೆ. ಮುಂದಿನ ಸಾಲು 'ಮಧ್ಯಾಹ್ನ ಬಂದರು' ಎಂದಿತ್ತು. ಅದರ ಮೇಲೆ ಬೆರಳು ಇಟ್ಟುಕೊಂಡು ಕೂತೆ.

"ಮುಂದ?"

"ಇನ್ನೂ ಬರದಿಲ್ಲ," ಎಂದೆ.

ಅವನು ನನ್ನ ಬೆರಳನ್ನು ನೋಡಿದ, ಅದರ ಕೆಳಗೆ ತುಂಬಿದ್ದ ಪುಟವನ್ನು ನೋಡಿದ. ಅಕ್ಷರ ಬಾರದಿದ್ದರೂ ಪುಟ ತುಂಬಿದೆಯೋ ಖಾಲಿ ಇದೆಯೋ ಯಾರಿಗಾದರೂ ಗೊತ್ತಾಗುತ್ತದೆ.

"ಇರಲಿ," ಎಂದ. "ಗಡಬಡಿ ಏನಿಲ್ಲ. ನಾ ಎಲ್ಲಿ ಹೋಗತೀನಿ, ಇಲ್ಲೇ ಇರತೀನಲ್ಲಾ."

ಮತ್ತೆ ಕುರ್ಚಿ ತಿರುಗಿಸಿ ಕೆಲಸಕ್ಕೆ ಕೂತ.